ನಂಜೇಶನ ಒಂದೂಕಾಲು ಇಂಚು

ನಂಜನಗೂಡಿನ ಅಂಗಡಿ ಬೀದಿಯಲ್ಲಿ ಪುಟ್ಟಬಸವಯ್ಯನವರ ಜವಳಿ ಅಂಗಡಿ ಇದೆ. ಅವರ ಸ್ವಂತ ಊರು ಹುಲ್ಲಹಳ್ಳಿ. ನಾಲೆ ಬಯಲಿನ ಗದ್ದೆಯನ್ನು ಬೇರೆಯವರಿಗೆ ಬೆಳೆಯ ಪಾಲಿನ ಮೇಲೆ ವಾರಕ್ಕೆ ಕೊಟ್ಟು, ಮಕ್ಕಳ ಓದಿಗೆಂದು ಪಟ್ಟಣಕ್ಕೆ ಬಂದು ಅಂಗಡಿ ಇಟ್ಟವರು. ಇಬ್ಬರು ಗಂಡುಮಕ್ಕಳು. ದೊಡ್ಡವನು ನಂಜೇಶ್, ಅವನಿಗಿಂತ ಎರಡು ವರ್ಷಕ್ಕೆ ಚಿಕ್ಕವನು ಅಮೃತೇಶ್. ಎದುರು ಸಾಲಿನಲ್ಲಿ ನನ್ನದೊಂದು ಸ್ಟೇಷನರಿ ಅಂಗಡಿ ಇದ್ದುದರಿಂದ ಈ ಕಥೆಯ ಅರ್ಧ ಭಾಗ ನಾನು ಕಂಡದ್ದು. ಉಳಿದರ್ಧ ನಂಜೇಶ್ ತಾನೇ ಹೇಳಿದ್ದು.

ನಂಜೇಶನ ಎತ್ತರ ಐದಡಿಗೆ ಒಂದಿಂಚು ಕಡಿಮೆ. ತಮ್ಮ ಐದಡಿ ಏಳಿಂಚು. ಗಿರಾಕಿಗಳು ಬಂದು ನಂಜೇಶನನ್ನೇ ಹಿಡಿದು, "ನಿಮ್ಮಣ್ಣ ಎಲ್ಲಪ್ಪ, ಅಂಗಡೀಲಿಲ್ವಾ?" ಎಂದು ಕೇಳುತ್ತಿದ್ದರು. ಅವನು ನಗುತ್ತಾ, "ಅಣ್ಣ ನಾನೇ ಕಣ್ರೀ, ನಮ್ಮನೇಲಿ ಬಟ್ಟೆ ತಮ್ಮನಿಗೆ ಜಾಸ್ತಿ ಬಿತ್ತು" ಎನ್ನುತ್ತಿದ್ದ. ಆ ನಗುವನ್ನು ನಾವೆಲ್ಲ ನಿಜವೆಂದೇ ನಂಬಿದ್ದೆವು. ವ್ಯಾಪಾರದಲ್ಲಿ ಅವನು ಗಟ್ಟಿಗ. ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ ಯಾವ ಊರಿನ ಮಗ್ಗದ್ದೆಂದು ಹೇಳಬಲ್ಲವನಾಗಿದ್ದ.

೧೯೯೭ರಲ್ಲಿ ಅವನಿಗೆ ಹೆಣ್ಣು ನೋಡಲು ಟಿ. ನರಸೀಪುರಕ್ಕೆ ಹೋದರು. ಬೆಲ್ಲದ ಮಂಡಿಯವರ ಮನೆ, ಹುಡುಗಿಯ ಹೆಸರು ಶ್ವೇತ. ಕಾರು ಓಡಿಸಿಕೊಂಡು ಹೋದವನು ಅಮೃತೇಶ್. ಉಪ್ಪಿಟ್ಟು, ಕಾಫಿ ಆಯಿತು, ಮಾತೂ ಚೆನ್ನಾಗಿಯೇ ನಡೆಯಿತು. ವಾರ ಕಳೆದ ಮೇಲೆ ಮಧ್ಯಸ್ಥರು ಬಂದು ಜಗಲಿಯ ಮೇಲೆ ಕೂತು ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ಆಮೇಲೆ ವಿಷಯಕ್ಕೆ ಬಂದರು.

"ಅವರಿಗೆ ಮನೆತನ ಒಪ್ಪಿಗೆ ಆಯ್ತಂತೆ. ಆದ್ರೆ ಹುಡುಗೀನ ಚಿಕ್ಕವನಿಗೆ ಕೊಡ್ತೀವಿ ಅಂತಾರೆ."

ತಾಯಿ ಸಿದ್ದಲಿಂಗಮ್ಮನಿಗೆ ಸಿಟ್ಟು ಬಂತು. "ದೊಡ್ಡವನ್ನ ಕುಂಡ್ರಿಸ್ಕಂಡು ಚಿಕ್ಕವನಿಗೆ ಎಂಗೆ ಮಾಡದು? ಬ್ಯಾಡ ಅಂತ ಏಳಿ."

ನಂಜೇಶ್ ಒಳಗಿನಿಂದ ಬಂದು ಹೇಳಿದ: "ಒಳ್ಳೆ ಮನೆ ಕಣವ್ವ. ನನ್ನಿಂದ ಯಾಕೆ ತಪ್ಪಬೇಕು? ಮಾಡು."

ಮದುವೆಯ ಸೀರೆಗಳನ್ನು ಅವನೇ ಆರಿಸಿ ತಂದ. ಛತ್ರದ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಪನ್ನೀರು ಚಿಮುಕಿಸಿದ. ಶ್ವೇತ ಆ ಮನೆಗೆ ಸೊಸೆಯಾಗಿ ಬಂದಳು, ಅವನನ್ನು ಭಾವ ಎಂದು ಕರೆದಳು. ಅದಾದ ಮೇಲೆ ಅವನು ಇನ್ನೂ ಕೆಲವು ಕಡೆ ಹೆಣ್ಣು ನೋಡಿದ. ಒಂದು ಮನೆಯಲ್ಲಿ ಒಬ್ಬ ಅಜ್ಜಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಗಂಡು ಇನ್ನೂ ಬಂದಿಲ್ವೇನಪ್ಪ?" ಎಂದು ಕೇಳಿದಳು. ಅಲ್ಲಿಂದಾಚೆಗೆ ಅವನು ಹೆಣ್ಣು ನೋಡಲು ಹೋಗುವುದನ್ನೇ ಬಿಟ್ಟ.

ಎರಡು ವರ್ಷದ ನಂತರ ಬೆಟ್ಟಯ್ಯನ ಕಾಲು ಮುರಿಯಿತು. ಬೆಟ್ಟಯ್ಯ ಸೋಸಲೆಯವನು, ಖಾಸಗಿ ಬಸ್ಸಿನ ಡ್ರೈವರ್. ಮೈಸೂರಿನಿಂದ ಅಂಗಡಿಯ ಬಟ್ಟೆ ಬಂಡಲುಗಳನ್ನು ಬಸ್ಸಿನ ಮೇಲೆ ಹಾಕಿಕೊಂಡು ಬರುತ್ತಿದ್ದುದರಿಂದ ನಂಜೇಶನಿಗೆ ಸ್ನೇಹಿತ. ಲಾರಿಯೊಂದು ಗುದ್ದಿ ಮುರಿದ ಕಾಲು ಕೂಡಿಕೊಂಡಿತಾದರೂ ಎರಡಿಂಚು ಮೋಟಾಯಿತು. ಅದನ್ನು ಸರಿಮಾಡಿಸಲು ಮೈಸೂರಿನ ಒಂದು ನರ್ಸಿಂಗ್ ಹೋಮಿಗೆ ಸೇರಿದ್ದ. ನಂಜೇಶ್ ಕಿತ್ತಳೆ ಹಣ್ಣು ತೆಗೆದುಕೊಂಡು ನೋಡಲು ಹೋದ.

ಬೆಟ್ಟಯ್ಯ ಹೊದಿಕೆ ಸರಿಸಿ ತೋರಿಸಿದ. ಮೊಣಕಾಲಿನ ಕೆಳಗೆ ನಾಲ್ಕು ಉಕ್ಕಿನ ಬಳೆಗಳು. ಬಳೆಯಿಂದ ಬಳೆಗೆ ಉದ್ದನೆಯ ಸರಳುಗಳು. ಪ್ರತಿ ಬಳೆಯಿಂದಲೂ ಸಣ್ಣ ತಂತಿಗಳು ಚರ್ಮದೊಳಕ್ಕೆ ಹೋಗಿ, ಮೂಳೆ ತೂರಿ, ಇನ್ನೊಂದು ಕಡೆ ಹೊರಬಂದಿದ್ದವು.

"ಮೂಳೆ ಕುಯ್ದವ್ರೆ ಕಣಪ್ಪ. ದಿನಾ ಈ ನಟ್ಟ ಸೊಲ್ಪ ಸೊಲ್ಪ ತಿರುಗ್ಸದು. ಸಂದೀಲಿ ಒಸ ಮೂಳೆ ಬೆಳ್ಕತದಂತೆ. ಆಗ್ಲೇ ಒಂದಿಂಚು ಬಂದದೆ."

ಮುಂದಿನ ವಾರ ನಂಜೇಶ್ ಒಬ್ಬನೇ ಹೋಗಿ, ಬೆಟ್ಟಯ್ಯನ ಕಾಲಿಗೆ ಬಳೆ ಹಾಕಿದ ಡಾಕ್ಟರ ಎದುರು ಕೂತ. ಡಾ. ಶಂಭುಲಿಂಗಪ್ಪ ಸರ್ಕಾರಿ ಕೆಲಸದಲ್ಲಿ ಬಹಳ ವರ್ಷ ಇದ್ದು ಬಂದ ಮೂಳೆ ವೈದ್ಯರು, ಮಾತು ಕಮ್ಮಿ.

"ಯಾವ ಕಾಲಿಗೆ ಏನಾಗಿದೆ?"

"ಎರಡಕ್ಕೂ ಏನೂ ಆಗಿಲ್ಲ ಸಾರ್. ಉದ್ದ ಮಾಡಿಸಬೇಕು."

"ಅಂದರೆ ನಿಮಗೆ ಕಾಯಿಲೆ ಇಲ್ಲ. ನಾನು ಕತ್ತರಿ ಹಾಕಿದ ಮೇಲೆ ಬರುತ್ತೆ. ಮನೆಗೆ ಹೋಗಿ."

ಅವನು ಮನೆಗೆ ಹೋದ, ಮತ್ತೆ ಬಂದ. ಹೀಗೆ ಒಂದು ವರ್ಷ ನಡೆಯಿತು. ಡಾಕ್ಟರು ಅವನನ್ನು ಒಬ್ಬ ಮಾನಸಿಕ ವೈದ್ಯರ ಹತ್ತಿರವೂ ಕಳಿಸಿದರು. ಅವರು ಮಾತಾಡಿಸಿ, ಈತನಿಗೆ ಭ್ರಮೆಯೇನೂ ಇಲ್ಲ, ನೋವಿದೆ ಎಂದು ಹೇಳಿ ಕಳಿಸಿದರು. ಕೊನೆಗೊಂದು ದಿನ ಶಂಭುಲಿಂಗಪ್ಪ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಸರಿಯಾಗಿ ಕೇಳಿಸಿಕೊಳ್ಳಿ. ಮೂಳೆ ಬೆಳೆಯುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಮೂಳೆ ಜೊತೆ ನರ, ಮಾಂಸ, ರಕ್ತನಾಳ ಎಲ್ಲಾ ಹಿಗ್ಗಬೇಕು. ಅವು ದಿನಕ್ಕೆ ಒಂದು ಮಿಲಿಮೀಟರಿಗಿಂತ ಜಾಸ್ತಿ ತಡೆಯಲ್ಲ. ಅದನ್ನೂ ಒಂದೇ ಸಲಕ್ಕೆ ಎಳೆಯೋ ಹಾಗಿಲ್ಲ, ನಾಲ್ಕು ಸಲಕ್ಕೆ ಹಂಚಿ ಎಳೀಬೇಕು. ನಿಮ್ಮ ಮೂಳೆ ಅಳತೆಗೆ ಒಟ್ಟು ಐದು ಸೆಂಟಿಮೀಟರ್, ಅಂದರೆ ಎರಡಿಂಚು. ಅದರ ಆಚೆಗೆ ತೊಂದರೆ ಬಹಳ ಬೇಗ ಹೆಚ್ಚುತ್ತೆ."

"ಎರಡಿಂಚಿನೊಳಗೆ ತೊಂದರೆ ಇಲ್ವಾ ಸಾರ್?"

"ಇಲ್ಲ ಅಂತ ನಾನು ಹೇಳಲ್ಲ. ತಂತಿ ಹೋದ ಕಡೆ ಕೀವಾಗಬಹುದು. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ. ಹೊಸ ಮೂಳೆ ಬಲಿಯದೇ ಇರಬಹುದು. ಕಾಲಿನ ಹಿಂದಿನ ನಾರು ಬಿಗಿದು ಹಿಮ್ಮಡಿ ನೆಲಕ್ಕೆ ತಾಗದೇ ಇರಬಹುದು. ಪಾದ ಎತ್ತುವ ನರ ಸೋತರೆ ಪಾದ ಜೋತುಬೀಳುತ್ತೆ. ಎಲ್ಲಾ ಸರಿ ಹೋದರೂ ಆರು ತಿಂಗಳಾದರೂ ಬಳೆ ಇರುತ್ತೆ, ಮೊದಲಿನ ಹಾಗೆ ನಡೆಯೋಕೆ ಒಂದು ವರ್ಷ."

"ನನಗೆ ನಾಲ್ಕಿಂಚು ಬೇಕಿತ್ತು."

"ಹಾಗಾದರೆ ನನ್ನ ಹತ್ತಿರ ಬರಬೇಡಿ."

ನಂಜೇಶ್ ಎರಡಿಂಚಿಗೆ ಒಪ್ಪಿದ. ಮನೆಯಲ್ಲಿ ಹೇಳಿದಾಗ ತಾಯಿ ಒಲೆಯ ಮುಂದಿನಿಂದ ಎದ್ದು ಬಂದು, "ಯಾರಿಗೋಸ್ಕರ ಮೂಳೆ ಕುಯ್ಸ್ಕತೀಯಪ್ಪ ನೀನು?" ಎಂದು ಕೇಳಿದಳು. ಪುಟ್ಟಬಸವಯ್ಯನವರು, "ಮೂವತ್ತರ ಹತ್ತಿರ ಬಂದೋನಿಗೆ ನಾವೇನು ಹೇಳೋದು" ಎಂದಷ್ಟೇ ಅಂದರು. ಊರಿನವರಿಗೆ ಸ್ಕೂಟರಿನಿಂದ ಬಿದ್ದನೆಂದು ಹೇಳುವುದೆಂದು ತೀರ್ಮಾನವಾಯಿತು.

೨೦೦೧ರ ಸಂಕ್ರಾಂತಿ ಕಳೆದ ಮೇಲೆ ಆಪರೇಷನ್ ಆಯಿತು. ಕೆಲವು ದಿನ ಬಿಟ್ಟು ನಟ್ಟು ತಿರುಗಿಸುವುದನ್ನು ಕಲಿಸಿ ಮನೆಗೆ ಕಳಿಸಿದರು. ಮನೆಯ ಮುಂಭಾಗದ ಕೋಣೆಯಲ್ಲಿ ಮಂಚ ಹಾಕಿದರು. ಪಕ್ಕದಲ್ಲಿ ಒಂದು ಸಣ್ಣ ಸ್ಪ್ಯಾನರ್. ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ನಟ್ಟಿನ ಕಾಲು ಸುತ್ತು. ಬೆಳಿಗ್ಗೆ ಸಿದ್ದಲಿಂಗಮ್ಮ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒಂದೊಂದು ತಂತಿಯ ಬುಡವನ್ನೂ ಒರೆಸುತ್ತಿದ್ದಳು. ಮೊದಲ ದಿನ ಅತ್ತಳು, ಆಮೇಲೆ ಅಭ್ಯಾಸವಾಯಿತು. ನಾವೆಲ್ಲ ಹಣ್ಣು, ಬ್ರೆಡ್ಡು ಹಿಡಿದುಕೊಂಡು ನೋಡಲು ಹೋದೆವು. ಹುಲ್ಲಹಳ್ಳಿಯಿಂದ ಬಂದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, "ಎರಡು ಕಾಲ್ಗೂ ಒಂದೇ ಜಾಗದಲ್ಲಿ ಪೆಟ್ಟು ಬಿದ್ದದಲ್ಲ, ಸ್ಕೂಟ್ರು ಎಂಗ್ ಬಿತ್ತೋ" ಎಂದರು. ನನಗೂ ಆಗ ನಿಜ ಗೊತ್ತಿರಲಿಲ್ಲ.

ವಾಕರ್ ಹಿಡಿದು ನಿಲ್ಲಬೇಕು, ನಡೆಯಬೇಕು ಎಂದು ಡಾಕ್ಟರು ಹೇಳಿದ್ದರು. ಒಂದು ತಿಂಗಳ ಮೇಲೆ ಹಾಗೆ ನಿಂತಾಗ ನಂಜೇಶ್ ಗೋಡೆ ನೋಡಿದ. ಹಣೆಯ ಮಟ್ಟಕ್ಕಿದ್ದ ಕ್ಯಾಲೆಂಡರಿನ ಮೊಳೆ ಕೆಳಗಿಳಿದಿತ್ತು. ಆ ಹೊತ್ತಿನ ಸಂತೋಷವನ್ನು ಅವನು ನನಗೆ ಎಷ್ಟೋ ವರ್ಷದ ಮೇಲೆ ಹೇಳುವಾಗಲೂ ದನಿ ಬದಲಾಗಿತ್ತು. ಅಷ್ಟು ಸಲೀಸಾಗಿ ಬರುವುದಾದರೆ ಎರಡಿಂಚಿಗೆ ಯಾಕೆ ನಿಲ್ಲಬೇಕು ಎಂದು ಅವನಿಗೆ ಅನ್ನಿಸಿತು. ಡಾಕ್ಟರು ತಡೆಯುವಷ್ಟರಲ್ಲಿ ಸ್ವಲ್ಪ ಮುಂದೆ ಹೋಗಿಬಿಟ್ಟರೆ ಅವರೇನು ಮಾಡಿಯಾರು?

ನಾಲ್ಕು ಸಲದ್ದು ಆರಾಯಿತು. ಆಮೇಲೆ ಎಂಟಾಯಿತು. ಎಕ್ಸ್‌ರೇಗೆ ಹೋಗಬೇಕಾದ ದಿನ ಜ್ವರವೆಂದು ಫೋನು ಮಾಡಿಸಿ ತಪ್ಪಿಸಿಕೊಂಡ. ನೋವು ಹೆಚ್ಚಿತು, ಮಾತ್ರೆ ಹೆಚ್ಚು ನುಂಗಿದ. ಪಾದಕ್ಕೆ ಪಟ್ಟಿ ಕಟ್ಟಿ ಎಳೆಯುವ ವ್ಯಾಯಾಮವನ್ನು ನೋವಿಗೆ ಹೆದರಿ ಬಿಟ್ಟ. ಹಿಮ್ಮಡಿಗಳು ನಿಧಾನವಾಗಿ ಮೇಲೆದ್ದವು. ನಿಂತರೆ ಬೆರಳ ತುದಿಯ ಮೇಲೆ ನಿಂತ ಹಾಗಿರುತ್ತಿತ್ತು.

ಇದನ್ನು ಮೊದಲು ಗಮನಿಸಿದವಳು ಶ್ವೇತ. ಕಾಫಿ ತಂದಾಗ ಹೊತ್ತಲ್ಲದ ಹೊತ್ತಿನಲ್ಲಿ ಅವನ ಕೈಯಲ್ಲಿ ಸ್ಪ್ಯಾನರ್ ಕಂಡಿತು.

"ಭಾವ, ನಾಲ್ಕೇ ಸಲ ಅಂದಿದ್ದರಲ್ವಾ ಡಾಕ್ಟರು?"

"ಅದೇ ನಾಲ್ಕನೇದು ಕಣಮ್ಮ."

ನಾಲ್ಕನೆಯದು ಆಗಿಹೋಗಿದೆಯೆಂದು ಅವಳಿಗೆ ಗೊತ್ತಿತ್ತು. ಭಾವನಿಗೆ ಎದುರಾಡುವುದು ಹೇಗೆಂದು ಅವತ್ತು ಸುಮ್ಮನಾದಳು. ಎರಡು ದಿನ ಬಿಟ್ಟು ಸಿದ್ದಲಿಂಗಮ್ಮ ಪಾದ ಒರೆಸುವಾಗ ಬಲಗಾಲಿನ ಮೇಲೆ ಬಿಸಿನೀರು ಹನಿಯಿತು. ನಂಜೇಶ್ ಕಾಲು ಎಳೆದುಕೊಳ್ಳಲಿಲ್ಲ.

"ಸುಡ್ಲಿಲ್ವಾ?" ತಾಯಿ ಕೇಳಿದಳು. "ಎಬ್ಬೆಟ್ಟು ಎತ್ತಪ್ಪ ನೋಡವಾ."

ಎಡಗಾಲಿನ ಹೆಬ್ಬೆರಳು ಎದ್ದಿತು. ಬಲಗಾಲಿನದು ಅಲ್ಲಾಡಲಿಲ್ಲ.

"ಜೋಮು ಹಿಡಿದಿದೆ ಕಣವ್ವ, ಸರಿ ಹೋಗುತ್ತೆ" ಎಂದ.

ಬಾಗಿಲಲ್ಲಿ ನಿಂತಿದ್ದ ಶ್ವೇತ ಆಗ ಬಾಯಿಬಿಟ್ಟಳು. "ಅತ್ತೆ, ಭಾವ ದಿನಕ್ಕೆ ಎಂಟು ಸಲ ತಿರುಗಿಸ್ತಾ ಇದಾರೆ."

ನಂಜೇಶ್ ಅವಳ ಕಡೆ ತಿರುಗಿದ. ನಾಲ್ಕು ವರ್ಷ ನಗುನಗುತ್ತಾ ಇದ್ದವನ ಮುಖ ಅದಾಗಿರಲಿಲ್ಲ. "ನನ್ನ ಉದ್ದದ ಚಿಂತೆ ನಿನಗೆ ಯಾಕಮ್ಮ? ನಿನಗೆ ಬೇಕಾದಷ್ಟು ಉದ್ದದೋನು ಸಿಕ್ಕಿದಾನಲ್ಲ."

ಅಮೃತೇಶ್ ಅಂಗಡಿಗೆ ಹೊರಟಿದ್ದವನು ಹಜಾರದಲ್ಲೇ ನಿಂತ. ಸಿದ್ದಲಿಂಗಮ್ಮನ ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು. ಶ್ವೇತಳ ಮುಖ ಕೆಂಪಾಯಿತು, ಆದರೆ ಅವಳು ಒಳಗೆ ಹೋಗಲಿಲ್ಲ.

"ಅವತ್ತು ನಿಮ್ಮನ್ನ ಬೇಡ ಅಂದಿದ್ದು ನಮ್ಮಪ್ಪ. ನನ್ನ ಯಾರೂ ಕೇಳಲಿಲ್ಲ. ಈಗಲೂ ಯಾರೂ ಕೇಳ್ತಾ ಇಲ್ಲ, ನಾನೇ ಹೇಳ್ತಾ ಇದೀನಿ. ಇವತ್ತೇ ಮೈಸೂರಿಗೆ ಹೋಗಿ ಭಾವ."

ಅಮೃತೇಶ್ ಹೋಗಿ ಕಾರು ತಂದ. ಅಣ್ಣನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿದ.

ಶಂಭುಲಿಂಗಪ್ಪ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. ಕತ್ತರಿಸಿದ ಜಾಗದಲ್ಲಿ ಅಂತರ ಆಗಲೇ ಐದು ಸೆಂಟಿಮೀಟರ್ ದಾಟಿತ್ತು. ನಡುವೆ ಮೂಳೆಯ ಮೋಡ ಕಾಣಬೇಕಾದ ಕಡೆ, ಅದರಲ್ಲೂ ಬಲಗಾಲಿನಲ್ಲಿ, ಬರೀ ಕಪ್ಪು. ಅವರು ಬೈಯಲಿಲ್ಲ.

"ಮೂಳೆ ಬೆಳೆಯೋದಕ್ಕೆ ಮೊದಲೇ ಎಳೆದಿದ್ದೀರಿ. ಅದು ಆಮೇಲಿನ ಮಾತು. ಈಗ ನರ ಉಳಿಸಿಕೊಳ್ಳಬೇಕು. ಹಿಂದಕ್ಕೆ ತಿರುಗಿಸಬೇಕು."

"ಹಿಂದಕ್ಕೆ ಅಂದರೆ?"

"ಬಂದಿದ್ದನ್ನು ಬಿಟ್ಟುಕೊಡಬೇಕು. ಪಾದಕ್ಕೆ ಸ್ಪರ್ಶ ಬರೋವರೆಗೆ."

ನಂಜೇಶ್ ಕೇಳಿದ: "ಎಡಗಾಲು ಚೆನ್ನಾಗಿದೆ ಸಾರ್. ಅದು ಹಾಗೇ ಇರಲಾ?"

"ಎರಡು ಕಾಲು ಎರಡು ಅಳತೆ ಆದರೆ ಸೊಂಟ ಹಾಳಾಗುತ್ತೆ. ಬಲಗಾಲು ಎಲ್ಲಿಗೆ ಬರುತ್ತೋ ಎಡಗಾಲನ್ನೂ ಅಲ್ಲಿಗೆ ತರಬೇಕು."

ಮೊದಲ ಸುತ್ತನ್ನು ಡಾಕ್ಟರೇ ತಿರುಗಿಸಿದರು. ಉಳಿದದ್ದನ್ನು ಅವನೇ ಮಾಡಬೇಕಾಯಿತು, ಆಸ್ಪತ್ರೆಯ ಮಂಚದ ಮೇಲೆ, ನರ್ಸ್ ಎದುರು ನಿಂತು ನೋಡುತ್ತಿರುವಾಗ. ಆಪರೇಷನ್ನಿನ ನೋವಿಗಿಂತ ಆ ದಿನಗಳು ಕಷ್ಟವಾಗಿದ್ದವೆಂದು ಅವನು ಹೇಳುತ್ತಿದ್ದ. ಸುಮಾರು ಎರಡು ಸೆಂಟಿಮೀಟರ್ ಹಿಂದಕ್ಕೆ ಹೋದ ಮೇಲೆ ಒಂದು ಬೆಳಿಗ್ಗೆ ಬಲಪಾದದ ಮೇಲೆ ಫ್ಯಾನಿನ ಗಾಳಿ ಬೀಸಿದ್ದು ಗೊತ್ತಾಯಿತು. ಹೆಬ್ಬೆರಳು ಇನ್ನೂ ಏಳಲಿಲ್ಲ. ಅಲ್ಲಿಗೇ ನಿಲ್ಲಿಸಿದರು. ಉಳಿದದ್ದು ಮೂರು ಸೆಂಟಿಮೀಟರಿಗೆ ಸ್ವಲ್ಪ ಮೇಲೆ, ನಮ್ಮ ಲೆಕ್ಕದಲ್ಲಿ ಒಂದೂಕಾಲು ಇಂಚು.

ಅಷ್ಟಕ್ಕೆ ಮುಗಿಯಲಿಲ್ಲ. ಎಡಗಾಲಿನ ಮೂಳೆ ಬಲಿಯಿತು, ಬಲಗಾಲಿನದು ಬಲಿಯಲಿಲ್ಲ. ಸೊಂಟದ ಮೂಳೆಯಿಂದ ಚೂರು ತೆಗೆದು ಅಲ್ಲಿಗೆ ತುಂಬಿದರು. ಒಂದು ತಂತಿಯ ಬುಡದಲ್ಲಿ ಕೀವಾಗಿ ಅದನ್ನು ತೆಗೆದು ಬೇರೆ ಹಾಕಿದರು. ಬಿಗಿದುಕೊಂಡಿದ್ದ ಹಿಮ್ಮಡಿಯ ನಾರನ್ನು ಕುಯ್ದು ಸಡಿಲಿಸಿದರು. ಬಲಗಾಲಿನ ಬಳೆ ಬಿಚ್ಚುವ ಹೊತ್ತಿಗೆ ಒಂದು ವರ್ಷದ ಮೇಲಾಗಿತ್ತು. ಹೆಬ್ಬೆರಳು ಎದ್ದದ್ದು ಅದರ ನಂತರ, ಅದೂ ಅರ್ಧ.

ಆ ವರ್ಷ ಮನೆಯಲ್ಲಿ ಶ್ವೇತ ಮತ್ತು ನಂಜೇಶ್ ಬಹಳ ದಿನ ಅಗತ್ಯವಿದ್ದಷ್ಟೇ ಮಾತಾಡಿದರು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ಮಧ್ಯಾಹ್ನ ಅವಳು ಊಟ ತಂದಿಟ್ಟಾಗ ಅವನು ತಲೆ ತಗ್ಗಿಸಿಕೊಂಡೇ, "ಅವತ್ತು ಆಡಬಾರದ ಮಾತು ಆಡಿಬಿಟ್ಟೆ ಕಣಮ್ಮ" ಎಂದ. ಅವಳು, "ಸಾರು ಆರುತ್ತೆ, ಊಟ ಮಾಡಿ ಭಾವ" ಎಂದಳು. ಮತ್ತೆ ಆ ಮಾತು ಯಾರೂ ಎತ್ತಲಿಲ್ಲ. ಆದರೆ ಪಾದ ಎಳೆಯುವ ವ್ಯಾಯಾಮಕ್ಕೆ ಅವನು ತಪ್ಪಿಸಿದರೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದವಳು ಅವಳೇ.

೨೦೦೨ರ ದಸರಾ ವ್ಯಾಪಾರಕ್ಕೆ ನಂಜೇಶ್ ಅಂಗಡಿಗೆ ವಾಪಸು ಬಂದ. ನೆಲದ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಆಗಲಿಲ್ಲ, ಕಾಲು ಮಡಚಿದರೆ ಪಾದ ಹಿಡಿದುಕೊಳ್ಳುತ್ತಿತ್ತು. ಪುಟ್ಟಬಸವಯ್ಯನವರು ಒಂದೇ ವಾರದಲ್ಲಿ ಗಾದಿ ತೆಗೆಸಿ ಮರದ ಕೌಂಟರು ಹಾಕಿಸಿದರು, ಅವನಿಗೊಂದು ಎತ್ತರದ ಸ್ಟೂಲು ಮಾಡಿಸಿದರು. ನಡೆಯುವಾಗ ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ಓಡಲು ಆಗುತ್ತಿರಲಿಲ್ಲ. ಎತ್ತರ ಐದಡಿ ಕಾಲಿಂಚು. ಅವನು ಬೆಳೆದಿದ್ದಾನೆಂದು ಬೀದಿಯಲ್ಲಿ ಒಬ್ಬರೂ ಗಮನಿಸಲಿಲ್ಲ. ಕುಂಟುತ್ತಾನೆಂದು ಎಲ್ಲರೂ ಗಮನಿಸಿದರು.

೨೦೦೪ರಲ್ಲಿ ಮತ್ತೆ ಟಿ. ನರಸೀಪುರದ ಕಡೆಯಿಂದಲೇ ಒಂದು ಸಂಬಂಧ ಬಂತು. ಹುಡುಗಿ ಅರ್ಪಿತ, ಸಹಕಾರ ಸಂಘದಲ್ಲಿ ಗುಮಾಸ್ತೆ. ಅವಳಿಗೂ ಮೂವತ್ತು ದಾಟಿತ್ತು. ನಂಜೇಶ್ ಬೇಡವೆಂದರೂ ತಾಯಿ ಬಿಡಲಿಲ್ಲ. ಹಿರಿಯರೆಲ್ಲ ಹೊರಗೆ ಮಾತಾಡುತ್ತಿದ್ದಾಗ ಇವರಿಬ್ಬರನ್ನು ಒಳಗೆ ಕೂರಿಸಿದರು.

"ಕಾಲಿಗೆ ಏನಾಗಿದೆ ನಿಮಗೆ?" ಅವಳೇ ಕೇಳಿದಳು.

ಸ್ಕೂಟರಿನ ಕಥೆ ಬಾಯಿಗೆ ಬಂತು. ಅದನ್ನು ಹೇಳಿ ಹೇಳಿ ಸಾಕಾಗಿತ್ತು. "ಉದ್ದ ಆಗೋಕೆ ಆಪರೇಷನ್ ಮಾಡಿಸಿಕೊಂಡೆ. ಡಾಕ್ಟರು ಹೇಳಿದ್ದಕ್ಕಿಂತ ಜಾಸ್ತಿ ಎಳೆದುಕೊಂಡೆ. ಹಾಳಾಯಿತು."

"ಎಷ್ಟು ಉದ್ದ ಆಯ್ತು?"

"ಒಂದೂಕಾಲು ಇಂಚು."

ಅವಳಿಗೆ ನಗು ಬಂತು, ತಡೆದುಕೊಂಡಳು, ಆಗಲಿಲ್ಲ. ಅವನೂ ನಕ್ಕ. ಆಮೇಲೆ ಅವಳು ಗಂಭೀರವಾಗಿ, "ತುಂಬ ನೋವಾಯ್ತಾ?" ಎಂದು ಕೇಳಿದಳು. ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಡಾಕ್ಟರು, ನರ್ಸು ಬಿಟ್ಟು ಬೇರೆ ಯಾರೂ ಕೇಳಿರಲಿಲ್ಲ. ಹೌದು ಎಂದ. ಅವಳು ಯೋಚನೆ ಮಾಡಿ ಹೇಳುತ್ತೇನೆಂದಳು, ಹತ್ತು ದಿನ ಬಿಟ್ಟು ಒಪ್ಪಿಗೆ ಹೇಳಿ ಕಳಿಸಿದಳು. ಮದುವೆ ನಂಜನಗೂಡಿನಲ್ಲೇ ಆಯಿತು. ನನಗೆ ಈ ಕಥೆಯೆಲ್ಲ ಗೊತ್ತಾದದ್ದು ಆಮೇಲೆಯೇ. ಅವಳಿಗೆ ಹೇಳಿದ ಮೇಲೆ ಅವನು ಕೇಳಿದವರಿಗೆಲ್ಲ ನಿಜ ಹೇಳತೊಡಗಿದ.

ಹಾಗೆ ಕೇಳಿಕೊಂಡು ಬಂದವರಲ್ಲಿ ಒಬ್ಬ ಮಹದೇವ, ಸೋಸಲೆಯ ರೈತರ ಮನೆಯ ಹುಡುಗ, ಇಪ್ಪತ್ತೆರಡರ ವಯಸ್ಸು. ೨೦೦೮ರಲ್ಲಿ ಪೊಲೀಸ್ ಕೆಲಸಕ್ಕೆ ಹೋಗಿ ಎತ್ತರದಲ್ಲಿ ಮೂರು ಸೆಂಟಿಮೀಟರ್ ಕಡಿಮೆ ಬಿದ್ದು ವಾಪಸಾಗಿದ್ದ. ಬೇರೊಂದು ಊರಿನಲ್ಲಿ ಯಾರೋ ಮೂರಿಂಚು ಗ್ಯಾರಂಟಿ ಕೊಡುತ್ತೇವೆಂದಿದ್ದರಂತೆ. ಬೆಟ್ಟಯ್ಯ ಅವನನ್ನು, "ಮೊದ್ಲು ನಂಜೇಶಪ್ಪನ್ನ ನೋಡ್ಕಂಡು ಬಾ" ಎಂದು ಕಳಿಸಿದ್ದ. ನಾನು ಆಗ ಅಂಗಡಿಯಲ್ಲಿದ್ದೆ.

ನಂಜೇಶ್ ಪ್ಯಾಂಟು ಮೇಲೆತ್ತಿ ಕಾಲು ತೋರಿಸಿದ. ತಂತಿ ಹೋದ ಕಲೆಗಳು ಸುತ್ತಲೂ ಇದ್ದವು. "ಗ್ಯಾರಂಟಿ ಅಂತ ಯಾರು ಹೇಳಿದರೋ ಅವರ ಹತ್ತಿರ ಹೋಗಬೇಡ. ಹೋಗೋದಾದರೆ ಎಷ್ಟಕ್ಕೆ ನಿಲ್ಲಿಸ್ತೀರಿ ಅಂತ ಮೊದಲು ಕೇಳು. ನಿನಗೆ ಓಟದ ಪರೀಕ್ಷೆ ಇದೆಯಲ್ಲ?"

"ಅದೆ ಅಣ್ಣ."

"ಎಲ್ಲಾ ಸರಿಯಾಗಿ ಆದರೂ ಒಂದು ವರ್ಷ ನೀನು ಓಡಲ್ಲ. ಆಮೇಲೂ ಈಗಿನ ಹಾಗೆ ಓಡ್ತೀಯ ಅಂತ ಯಾವ ಒಳ್ಳೆ ಡಾಕ್ಟರೂ ಹೇಳಲ್ಲ. ಎತ್ತರದಲ್ಲಿ ಪಾಸಾಗಿ ಓಟದಲ್ಲಿ ಫೇಲಾಗ್ತೀಯ."

ಮಹದೇವ ಆ ಕಲೆಗಳನ್ನೇ ನೋಡುತ್ತಾ ಕೇಳಿದ: "ನಿಮ್ಗೆ ಬ್ಯಾಸರ ಆಯ್ತದಾ ಅಣ್ಣ, ಮಾಡ್ಸ್ಕಂಡಿದ್ಕೆ?"

ನಂಜೇಶ್ ಪ್ಯಾಂಟು ಕೆಳಗೆ ಬಿಟ್ಟ. "ಮಾಡಿಸಿಕೊಂಡಿದ್ದಕ್ಕೆ ಒಂದೊಂದು ಸಲ ಆಗುತ್ತೆ, ಒಂದೊಂದು ಸಲ ಇಲ್ಲ. ಸಾಕು ಅಂದ ಕಡೆ ನಿಲ್ಲಿಸದೆ ಇದ್ದಿದ್ದಕ್ಕೆ ದಿನಾ ಆಗುತ್ತೆ. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟ ತಕ್ಷಣ."

ಮಹದೇವ ಶಂಭುಲಿಂಗಪ್ಪನವರನ್ನೂ ಒಮ್ಮೆ ನೋಡಿಕೊಂಡು ಬಂದ. ಅವರೂ ಬೇಡವೆಂದರು. ಅವನು ಆಪರೇಷನ್ ಮಾಡಿಸಿಕೊಳ್ಳಲಿಲ್ಲ. ಎರಡು ವರ್ಷ ಅದೂ ಇದೂ ಕೆಲಸ ಮಾಡಿ, ಕೊನೆಗೆ ಹಾಲಿನ ಡೇರಿಯ ವ್ಯಾನು ಓಡಿಸುವ ಕೆಲಸ ಹಿಡಿದ. ಪೊಲೀಸ್ ಆಗಲಿಲ್ಲವೆಂಬ ಕೊರಗು ಅವನಿಗೆ ಇದ್ದೇ ಇತ್ತು. ನಂಜೇಶನ ಮೇಲೆ ಸ್ವಲ್ಪ ಸಿಟ್ಟೂ ಇತ್ತೆಂದು ಕಾಣುತ್ತದೆ, ಅಂಗಡಿಯ ಮುಂದೆ ಹಾದುಹೋದರೂ ಕೆಲವು ಕಾಲ ಮಾತಾಡಿಸುತ್ತಿರಲಿಲ್ಲ. ಆಮೇಲೆ ತನ್ನ ಮದುವೆಯ ಬಟ್ಟೆಗೆ ಮನೆಯವರನ್ನೆಲ್ಲ ಕರೆದುಕೊಂಡು ಬಂದ. ನಂಜೇಶ್ ಸ್ಟೂಲಿನಿಂದಿಳಿದು ಬಂದು, ಅವನ ತಾಯಿ ಮಂಚಮ್ಮನ ಮುಂದೆ ಧಾರೆ ಸೀರೆಗಳನ್ನು ಒಂದೊಂದಾಗಿ ಬಿಚ್ಚಿ ಹಾಸಿದ.